ರಾಗಿಯ ಸೋದರತ್ತೆ

ನನ್ನ ಗಂಡನ ಅಕ್ಕ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ದಪ್ಪ ಮೀಸೆಯ, ಊರಿನವರೆಲ್ಲ ಕುಮಾರಣ್ಣ ಎಂದು ಗೌರವದಿಂದ ಮಾತಾಡಿಸುವ, ಹೊಗೆಸೊಪ್ಪು ಹದ ಮಾಡುವುದರಲ್ಲಿ ಸುತ್ತಿನ ಊರುಗಳಿಗೆಲ್ಲ ಬೇಕಾದ ನನ್ನ ಗಂಡ ಅವರ ಬಾಯಲ್ಲಿ ‘ಅಳಿಲು’. ಚಿಕ್ಕಂದಿನಲ್ಲಿ ಸೀಬೆಮರ ಬಿಟ್ಟು ಇಳಿಯುತ್ತಿರಲಿಲ್ಲವಂತೆ, ಅದಕ್ಕೆ. ಪಕ್ಕದ ಮನೆಯ ಪುಟ್ಟಮ್ಮ ‘ರೇಡಿಯೊ’. ಹಾಲಿನ ಡೈರಿಯ ಕೃಷ್ಣೇಗೌಡರು ‘ನೊರೆ’. ನಮ್ಮ ನಾಯಿ ಕರಿಯ ‘ಇದ್ಲು’. ಕೆ.ಆರ್. ನಗರದ ಆಚೆಯ ಮಿರ್ಲೆಯಿಂದ ಹುಣಸೂರಿನ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದ ನಾನು, ಅಪ್ಪ ಅಮ್ಮ ಇಟ್ಟ ಪವಿತ್ರ ಎಂಬ ಹೆಸರನ್ನು ಹೊಸಿಲಾಚೆ ಬಿಟ್ಟವಳಂತೆ, ಬಂದ ಹೊಸತರಲ್ಲೇ ‘ಮಿರ್ಲೆ’ ಆದೆ.

“ಮಿರ್ಲೆ, ಒಂದ್ ಲೋಟ ಇಡ್ಕಂಡ್ ಬಾ ತಾಯಿ” ಎಂದು ಒಂದು ದಿನ ಜಗಲಿಯಲ್ಲಿ ಕೂತು ಕೂಗಿದರು. ನಾನು ತೊಳೆದ ಲೋಟವೊಂದನ್ನು ತಂದು ಕೈಗೆ ಕೊಟ್ಟೆ. ಅವರು ಲೋಟದೊಳಕ್ಕೆ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಲೋಟವೆಂದರೆ ಕಾಫಿ ಎಂದು ಅತ್ತೆ ಒಳಗಿನಿಂದ ಕೂಗಿ ಹೇಳಿದರು.

ಅವರಿಗೂ ಒಂದು ಹೆಸರಿತ್ತು, ಪದ್ಮಾವತಿ. ಆದರೆ ಅದು ಗೊತ್ತಿದ್ದವರು ಕಡಿಮೆ. ಯಾರು ಹೆಸರು ಕೇಳಿದರೂ “ಅಕ್ಕ ಅನ್ನಿ” ಎನ್ನುತ್ತಿದ್ದರು. ಹಾಗಾಗಿ ತವರಿನಲ್ಲೂ ಗಂಡನ ಊರಿನಲ್ಲೂ ಅವರು ಎಲ್ಲರಿಗೂ ಅಕ್ಕ. ಹಲ್ಲು ಬಿದ್ದ ಮುದುಕರೂ “ಅಕ್ಕ ಎಲ್ಲೋದ್ಳು?” ಎಂದು ಕೇಳಿಕೊಂಡು ಬರುತ್ತಿದ್ದರು. ನಾನೂ ಹಾಗೇ ಕರೆದೆ.

ಅಕ್ಕನ ಗಂಡನ ಮನೆ ಎಚ್.ಡಿ. ಕೋಟೆ ದಾಟಿ ಅಂತರಸಂತೆಯ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಅಲ್ಲಿಂದ ಮುಂದೆ ಕಾಕನಕೋಟೆಯ ಕಾಡು. ಗಂಡ ತಮ್ಮೇಗೌಡರು ಜಮೀನು ನೋಡಿಕೊಂಡರೆ ಅಕ್ಕ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಎತ್ತರದ ಹೆಂಗಸು. ಹುಬ್ಬಿನ ಮೇಲೆ, ಕಿವಿಯ ಓಲೆಯ ಮೇಲೆ, ಮುಡಿದ ಹೂವಿನ ಮೇಲೆ ಕೂಡ ಸಣ್ಣಗೆ ಹಿಟ್ಟು ಕೂತಿರುತ್ತಿತ್ತು. ಹಬ್ಬಕ್ಕೆ ಬಂದಾಗ ಎಷ್ಟು ತಿಕ್ಕಿ ತೊಳೆದುಕೊಂಡು ಬಂದರೂ ಪಕ್ಕದಲ್ಲಿ ಕೂತರೆ ಹುರಿದ ರಾಗಿಯ ವಾಸನೆ.

ಅವರಿಗೆ ಮಾತು ತಡೆಯುತ್ತಿತ್ತು. ಎಲ್ಲ ಮಾತೂ ಅಲ್ಲ. ಪ, ಕ ಎಂಬ ಅಕ್ಷರಗಳು ಮೊದಲಿಗೆ ಬಂದರೆ ಗಂಟಲಿನಲ್ಲಿ ಯಾರೋ ಬಾಗಿಲು ಹಾಕಿದಂತಾಗಿ ನಿಂತುಬಿಡುತ್ತಿದ್ದರು. ಮನೆಯವರಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಯಾರೂ ಅದನ್ನು ಗಮನಿಸುತ್ತಲೇ ಇರಲಿಲ್ಲ. ಹೊರಗಿನಿಂದ ಬಂದ ನನಗೂ ಅದರ ಆಳ ಅರ್ಥವಾಗಲು ಒಂದು ವರ್ಷವೇ ಬೇಕಾಯಿತು.

ನಾನು ಹುಣಸೂರಿನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಕ್ಕ ಒಮ್ಮೆ ಮಂಡಿನೋವಿನ ಮಾತ್ರೆಗೆಂದು ಅಲ್ಲಿಗೆ ಬಂದರು. ನಾನು ಒಳಗಡೆ ಹೊಸದಾಗಿ ಬಂದ ಡಬ್ಬಗಳನ್ನು ಬಿಚ್ಚುತ್ತಿದ್ದೆ. ಮುಂದೆ ನಿಂತಿದ್ದ ಹುಡುಗಿ ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ. ಬಿಲ್ಲಿಗೆಂದು “ಹೆಸರೇನಮ್ಮ?” ಎಂದಳು. ಅಕ್ಕನ ತುಟಿಗಳು ಕೂಡಿಕೊಂಡವು. ಆದರೆ ಬಿಚ್ಚಿಕೊಳ್ಳಲಿಲ್ಲ. ಕೆನ್ನೆ ನಡುಗಿತು, ಕತ್ತಿನ ನರ ಎದ್ದು ನಿಂತಿತು. ಹಿಂದೆ ನಿಂತಿದ್ದವನೊಬ್ಬ “ಬ್ಯಾಗ ಯೋಳಮ್ಮ, ಬಸ್ಸು ಓಯ್ತದೆ” ಎಂದ. ನಾನು ಎದ್ದು ಬರುವಷ್ಟರಲ್ಲಿ ಅಕ್ಕ “ಅಕ್ಕ ಅಂತ ಬರ್ಕೋ” ಎಂದರು. ಹುಡುಗಿ ನಗುತ್ತ ಹಾಗೇ ಬರೆದಳು.

ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಅವರು ಇಟ್ಟ ಹೆಸರುಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಅಳಿಲು, ರೇಡಿಯೊ, ನೊರೆ, ಇದ್ಲು, ಮಿರ್ಲೆ. ಒಂದರಲ್ಲೂ ಪ ಇರಲಿಲ್ಲ, ಕ ಇರಲಿಲ್ಲ. ತಮಾಷೆಗೆ ಇಟ್ಟ ಅಡ್ಡಹೆಸರುಗಳೆಂದು ಊರೇ ನಗುತ್ತಿದ್ದ ಆ ಹೆಸರುಗಳು ಅವರಿಗೆ ಜನರನ್ನು ತಲುಪುವ ದಾರಿಗಳು. ನನ್ನನ್ನು ಕರೆಯಬೇಕೆಂಬ ಆಸೆಯಿದ್ದುದರಿಂದಲೇ ನನಗೊಂದು ಹೆಸರು ಹುಡುಕಿದ್ದರು. ಮಾರನೆಯ ದಿನದಿಂದ ‘ಮಿರ್ಲೆ’ ಎಂದು ಕೇಳಿಸಿದಾಗಲೆಲ್ಲ ನಾನು ಓಡಿಹೋಗುತ್ತಿದ್ದೆ.

ಬಸ್ಸಿನಲ್ಲೂ ಅವರದು ಇದೇ ಜಾಣತನ. ಪಿರಿಯಾಪಟ್ಟಣದಲ್ಲಿ ಚಿಕ್ಕಮ್ಮನ ಮನೆ. ಆ ಊರಿನ ಹೆಸರು ಹೇಳುವಷ್ಟರಲ್ಲಿ ಕಂಡಕ್ಟರ್ ಮುಂದಿನ ಸೀಟಿಗೆ ಹೋಗಿರುತ್ತಾನೆ. ಅದಕ್ಕೆ ಅಕ್ಕ “ಮಡಿಕೇರಿ” ಎಂದು ಟಿಕೆಟ್ ತೆಗೆದುಕೊಂಡು ಪಿರಿಯಾಪಟ್ಟಣದಲ್ಲಿ ಇಳಿಯುತ್ತಿದ್ದರು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲಂತೂ “ಈಗ ಮಡಿಕೇರಿ ಅಂದ್ರೂ ಅಷ್ಟೇ, ಮಂಗ್ಳೂರು ಅಂದ್ರೂ ಅಷ್ಟೇ” ಎಂದು ಖುಷಿಪಟ್ಟಿದ್ದರು.

ಅವರಿಗೆ ಕೋಪ ಬರುತ್ತಿದ್ದುದು ಒಂದಕ್ಕೇ. ಅವರು ಒಂದು ಮಾತಿನಲ್ಲಿ ಸಿಕ್ಕಿಕೊಂಡಾಗ ಯಾರಾದರೂ ಆ ಮಾತನ್ನು ತಾವೇ ಹೇಳಿ ಮುಗಿಸಿದರೆ ಮುಖ ತಿರುಗಿಸಿಕೊಂಡು ಎದ್ದು ಹೋಗುತ್ತಿದ್ದರು. ತಮ್ಮೇಗೌಡರು ಒಬ್ಬರೇ ಯಾವತ್ತೂ ಹಾಗೆ ಮಾಡಿದವರಲ್ಲ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆಯನ್ನು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದಾರೆ. ಹಿರಿಯರೊಬ್ಬರು ಕ್ರಮದಂತೆ “ನಿನ್ನ ಎಸ್ರೇನವ್ವ?” ಎಂದು ಕೇಳಿದರು. ಹುಡುಗಿ ತಲೆತಗ್ಗಿಸಿ ನಿಂತಳು. ಪ್... ಪ್... ಎಂಬ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ನನ್ನ ಮಾವ ಗಾಬರಿಯಾಗಿ ತಾವೇ ಹೇಳಲು ಬಾಯಿ ತೆರೆದಾಗ, ಅಲ್ಲಿಯವರೆಗೆ ಒಂದು ಮಾತೂ ಆಡದ ಗಂಡು ಕೈ ಎತ್ತಿದನಂತೆ.

“ಯಾರೂ ಯೋಳ್ಬ್ಯಾಡ್ರಿ. ನಮ್ ಬಸ್ಸಿಗೆ ಇನ್ನೂ ಒತ್ತು ಅದೆ. ಅವರೇ ಯೋಳ್ಲಿ.”

ಎಲ್ಲರೂ ಕಾದರು. ಕೊನೆಗೂ ಹೆಸರು ಬಂತು. “ಒಳ್ಳೆ ಎಸ್ರು” ಎಂದು ತಮ್ಮೇಗೌಡರು ತಟ್ಟೆಯಲ್ಲಿದ್ದ ಬಾಳೆಹಣ್ಣು ತೆಗೆದುಕೊಂಡರು. ಮದುವೆ ಅಲ್ಲಿಗೇ ಗೊತ್ತಾಯಿತು.

ನಾನು ಬಸುರಿಯಾದಾಗ ನನಗೆ ಒಂದೇ ಚಿಂತೆ, ಬಾಣಂತನಕ್ಕೆ ಯಾರು ಎಂದು. ನನ್ನ ಅಮ್ಮ ನಾನು ಪಿಯುಸಿ ಓದುವಾಗಲೇ ತೀರಿಕೊಂಡಿದ್ದಳು. ಮಿರ್ಲೆಯ ಮನೆಯಲ್ಲಿ ಅಪ್ಪ ಒಬ್ಬರೇ ಗದ್ದೆ, ಹಸು ನೋಡಿಕೊಂಡಿದ್ದರು. ಅತ್ತೆಗೆ ಬೆನ್ನುನೋವು, ಬಗ್ಗಿ ಮಗುವಿಗೆ ನೀರು ಹಾಕಲಾರರು. ಯಾರನ್ನೂ ಕೇಳಲು ಬಾಯಿ ಬರದೆ ನಾನು ದಿನ ದೂಡುತ್ತಿದ್ದಾಗ ಅಕ್ಕ ಒಂದು ಬ್ಯಾಗು, ಒಂದು ಮೂಟೆ ರಾಗಿ ಹಿಟ್ಟು ತಂದು ಜಗಲಿಯಲ್ಲಿ ಇಳಿಸಿದರು. ಗಿರಣಿ ಏನಾಯಿತು ಎಂದರೆ, “ಅವ್ರು ಓಡಿಸ್ತಾರೆ. ಇಟ್ಟು ದಪ್ಪ ಆಯ್ತದೆ. ಜನ ಮೂರ್ ತಿಂಗ್ಳು ದಪ್ಪ ಇಟ್ಟೇ ಉಣ್ಲಿ” ಎಂದರು.

ಮಗು ಹುಟ್ಟಿದ್ದು ಹೊಲಗಳಲ್ಲಿ ರಾಗಿ ಕುಯಿಲು ನಡೆಯುತ್ತಿದ್ದ ಕಾಲದಲ್ಲಿ. ಹೆಣ್ಣು ಮಗು. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ಕೊಟ್ಟ ಕೂಸನ್ನು ಮೊದಲು ಎತ್ತಿಕೊಂಡವರು ಅಕ್ಕ. ಬಟ್ಟೆ ಸರಿಸಿ ಕೈ ನೋಡಿದರು. ಬೆರಳುಗಳೆಲ್ಲ ಒಳಕ್ಕೆ ಸುರುಳಿ ಸುತ್ತಿಕೊಂಡು ಬಿಗಿಯಾಗಿದ್ದವು.

“ನೋಡಿಲ್ಲಿ ಮಿರ್ಲೆ, ಮುಷ್ಟಿ ಎಂಗ್ ಮಡ್ಚವ್ಳೆ! ರಾಗಿ ತೆನೆ ಅಂಗೇ ಅದೆ.”

ಅಲ್ಲಿಂದ ಅವಳು ರಾಗಿ. ನೀರು ಹಾಕುವಾಗ ರಾಗಿ, ಲಾಲಿ ಹಾಡುವಾಗ ರಾಗಿ, ಹಾಲು ಕಕ್ಕಿದರೆ “ಏನ್ ರಾಗಿ ಇದು, ಸೀರೆಯೆಲ್ಲ ಆಯ್ತಲ್ಲ”. ಮನೆಗೆ ಬಂದು ಹೋಗುವವರಿಗೂ ಅದೇ ಬಾಯಿಗೆ ಬಂತು. ಆ ಮೂರು ತಿಂಗಳು ಅಕ್ಕ ನನ್ನ ಕಾಲಿಗೆ ಎಣ್ಣೆ ಹಚ್ಚಿದರು, ಬಿಸಿಬಿಸಿ ಮುದ್ದೆಯನ್ನು ತುಪ್ಪದಲ್ಲಿ ಅದ್ದಿ ತಿನ್ನಿಸಿದರು. ಅನ್ನ ಉಂಡು ಬೆಳೆದ ಮಿರ್ಲೆಯ ನಾನು ಮುದ್ದೆ ನುಂಗಲು ಕಷ್ಟಪಡುವುದನ್ನು ಕಂಡರೆ, “ನುಂಗು, ನಾಚ್ಕೋಬ್ಯಾಡ, ಅದು ಅಲ್ಲೇ ಇಳೀತದೆ” ಎನ್ನುತ್ತಿದ್ದರು. ನನಗೆ ಕಾರಣವಿಲ್ಲದೆ ಅಳು ಬಂದ ದಿನಗಳಲ್ಲಿ ಏನೂ ಕೇಳದೆ ಪಕ್ಕದಲ್ಲಿ ಕೂತಿರುತ್ತಿದ್ದರು. ಮಾತಿಗೆ ಅವಸರವಿಲ್ಲದವರ ಜೊತೆ ಅಳುವುದು ಸುಲಭ.

ಹೆಸರಿಡುವ ಮಾತು ಬಂದಾಗ ನಾನು ನನ್ನ ಗಂಡನಿಗೆ ನನ್ನ ಆಸೆ ಹೇಳಿದೆ. ನನ್ನ ಅಮ್ಮನ ಹೆಸರು ಪ್ರಭಾವತಿ. ಮಗುವಿಗೆ ಅದನ್ನೇ ಇಡೋಣ. ಅವರು ಹಳೇ ಕಾಲದ ಹೆಸರು ಎಂದು ಮುಖ ಸಿಂಡರಿಸಲಿಲ್ಲ, ತಕ್ಷಣ ಆಯಿತು ಎಂದರು. ಆದರೆ ಅತ್ತೆ ಮಾತ್ರ ಏನೋ ನುಂಗಿಕೊಂಡವರ ಹಾಗೆ ಇದ್ದರು. ಅಕ್ಕ ಬಟ್ಟೆ ಒಗೆಯಲು ಹಿತ್ತಿಲಿಗೆ ಹೋಗಿದ್ದಾಗ ನನ್ನ ಹತ್ತಿರ ಬಂದು ಕೂತರು.

“ಎಸ್ರು ಚೆನ್ನಾಗದೆ ಕಣವ್ವ. ನಿಮ್ಮವ್ವನ್ದು, ಬ್ಯಾಡ ಅನ್ನಕಾಯ್ತದಾ? ಆದ್ರೆ ತೊಟ್ಲ ಮುಂದೆ ಎಸ್ರು ಕರ್ಯೋಳು ಸ್ವಾದ್ರತ್ತೆ. ಅಷ್ಟು ಜನದ್ ಮುಂದೆ ನನ್ ಮಗಳು ಸಿಗಾಕೊಂಡು ನಿಂತ್ಕೊಂಡ್ರೆ ನನ್ ಕೈಲಿ ನೋಡಕಾಗಲ್ಲ ಕಣವ್ವ. ಮದ್ವೇಲಿ ಗಂಡನ ಎಸ್ರ ಜೊತೆ ನಿನ್ ಎಸ್ರೂ ಸೇರ್ಸಿ ಯೋಳು ಅಂತ ರೇಗ್ಸಿ ಅಳಿಸ್ಬುಟ್ಟಿದ್ರು ಅವಳ್ನ.”

ನನಗೆ ಅದು ಹೊಳೆದೇ ಇರಲಿಲ್ಲ. ಸೋದರತ್ತೆಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗುವುದು ನಮ್ಮಲ್ಲಿ ನಡೆದುಬಂದ ಕ್ರಮ. ಪ್ರಭಾವತಿ! ಅವರಿಗೆ ಇದಕ್ಕಿಂತ ಕಷ್ಟದ ಹೆಸರನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

“ಏನ್ ಮಾಡೋದು ಅತ್ತೆ?”

“ಆ ಎಸ್ರು ಕಾಗ್ದದಲ್ಲಿರ್ಲಿ, ಸ್ಕೂಲಿಗಿರ್ಲಿ. ಅವತ್ತು ತೊಟ್ಲಲ್ಲಿ ರಾಗಿ ಅಂತ್ಲೇ ಕರೆಸ್ಬುಡಾನ. ಎಂಗೂ ಎಲ್ರೂ ಅದನ್ನೇ ಅಂತಾರೆ.”

ನಾನು ಒಪ್ಪಿದೆ. ನಿಜವಾಗಿ ಹಗುರವಾಯಿತು. ಅಕ್ಕ ಬಟ್ಟೆ ಹಿಂಡಿಕೊಂಡು ಒಳಗೆ ಬಂದಾಗ ನಾನೇ ಹೇಳಿದೆ, ಅವತ್ತು ರಾಗಿ ಎಂದೇ ಕರೆಯೋಣ ಅಂದುಕೊಂಡಿದ್ದೇವೆ ಎಂದು. ಅವರು ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಹಗ್ಗದ ಮೇಲೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನನ್ ನಾಲ್ಗೆ ಅಳ್ತೇಗೆ ಮಗೀಗೆ ಎಸ್ರು ಒಲೀತಿದ್ದೀರಾ?”

ನಾನು ಏನೋ ಹೇಳಲು ಹೋದೆ. ಕೈ ಅಡ್ಡ ಹಿಡಿದರು.

“ಅಳಿಲು, ಇದ್ಲು, ಅವೆಲ್ಲ ನಂಗೋಸ್ಕರ ಇಟ್ಕೊಂಡಿದ್ದು. ರಾಗೀನೂ ಅಷ್ಟೇ, ದಿನಾ ಅನ್ನಕೆ. ಆದ್ರೆ ಅವತ್ತು ಮೊದ್ಲು ಅವಳ್ಗೆ ಸಿಗೋ ಎಸ್ರು ದೊಡ್ಡದಿರ್ಲಿ. ನಿಮ್ಮವ್ವ ಇದ್ದಿದ್ರೆ ಬಾಣಂತನಾನ ಅವ್ರೇ ಮಾಡೋರು. ಅವ್ರು ಬರ್ನಿಲ್ಲ. ಎಸ್ರಾದ್ರೂ ಬರ್ಲಿ.”

ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡರು. ಅಲ್ಲಿಗೆ ಆ ಮಾತು ಮುಗಿಯಿತು.

ನಾಮಕರಣಕ್ಕೆ ಒಂದು ವಾರ ಮೊದಲು ಅಕ್ಕ ತಮ್ಮ ಊರಿಗೆ ಹೋದರು. ತಾಂಬೂಲ ಕೊಟ್ಟು ಕರೆಯಬೇಕೆಂದು ನಾನೂ ನನ್ನ ಗಂಡನೂ ಮಗುವನ್ನು ಎತ್ತಿಕೊಂಡು ಅಲ್ಲಿಗೆ ಹೋದೆವು. ಗಿರಣಿ ನಾನು ನೋಡಿದ್ದು ಅವತ್ತೇ ಮೊದಲು. ದೂರದಿಂದಲೇ ಬೆಲ್ಟಿನ ಪಟಪಟ ಕೇಳುತ್ತಿತ್ತು. ಒಳಗೆ ಹೋದರೆ ನೆಲವೇ ನಡುಗುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳುವಂತಿರಲಿಲ್ಲ. ರಾಗಿ ತಂದವರು ಬೆರಳಿನಲ್ಲಿ ಸನ್ನೆ ಮಾಡುತ್ತಿದ್ದರು. ಅಕ್ಕ ನಮಗೆ ಬೆನ್ನು ಹಾಕಿ, ಹಿಟ್ಟು ಬೀಳುವ ಬಟ್ಟೆಯ ಚೀಲವನ್ನು ಕೈಯಲ್ಲಿ ತಟ್ಟುತ್ತ ನಿಂತಿದ್ದರು. ಪಕ್ಕಕ್ಕೆ ತಿರುಗಿದಾಗ ಅವರ ತುಟಿಗಳನ್ನು ಕಂಡೆ. ಒಂದೇ ಸಮನೆ ಆಡುತ್ತಿದ್ದವು, ಎಲ್ಲೂ ನಿಲ್ಲುತ್ತಿರಲಿಲ್ಲ.

ತಮ್ಮೇಗೌಡರು ನಮ್ಮನ್ನು ಬಾಗಿಲ ಹತ್ತಿರಕ್ಕೆ ಕರೆದುಕೊಂಡು ಬಂದು ನನ್ನ ಕಿವಿಯ ಹತ್ತಿರ ಜೋರಾಗಿ ಹೇಳಿದರು. “ಮಿಷಿನ್ ಓಡ್ತಿದ್ರೆ ಅವ್ಳಿಗೆ ತಡೇನೇ ಇಲ್ಲ ಕಣವ್ವ. ಮೊದ್ಲಿಂದ್ಲೂ ಅಂಗೇ. ಸದ್ದಲ್ಲಿ ಅವಳ್ ದನಿ ಅವ್ಳಿಗೇ ಕೇಳ್ಸಲ್ವಲ್ಲ, ಎದ್ರಿಕೆ ಓಯ್ತದೆ. ಬಂದಾಗಿಂದ ಇದೇ ಜಪ.”

ನಾನು ಮಗುವನ್ನು ಎದೆಗೆ ಒತ್ತಿಕೊಂಡು ಹತ್ತಿರ ಹೋದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬೆಲ್ಟು ನಿಧಾನವಾಯಿತು, ಕಲ್ಲು ಗೊರಗೊರ ಎಂದು ನಿಂತಿತು. ಇದ್ದಕ್ಕಿದ್ದಂತೆ ಬಿದ್ದ ಮೌನದಲ್ಲಿ ಅಕ್ಕನ ಧ್ವನಿ ಒಂದೇ ಉಳಿಯಿತು, ತುಂಬ ಗಟ್ಟಿಯಾಗಿ: “ಪ್ರಭಾವತೀ, ಪ್ರಭಾವತೀ, ಪ್...” ಅಲ್ಲಿಗೆ ಅವರೂ ನಿಂತರು. ಹಿಟ್ಟಿಗೆ ಕಾದಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಗಲು ಶುರು ಮಾಡಿದರು. ಎಲ್ಲರೂ ನಕ್ಕರು. ಮಗು ಬೆಚ್ಚಿ ಅತ್ತಿತು.

“ಅಲ್ಲಿಗೂ ಒಂದು ಮಿಷಿನ್ ಸಾಗಿಸ್ಬೇಕು ನೋಡು ಅಳಿಲು” ಎಂದರು ತಮ್ಮನಿಗೆ.

ನಾಮಕರಣದ ದಿನ ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದೆವು. ಮಿರ್ಲೆಯಿಂದ ಅಪ್ಪ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ತೊಟ್ಟಿಲಿಗೆ ಚೆಂಡುಹೂವು ಸುತ್ತಿತ್ತು. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಒಂದು ವಾರ ಗಿರಣಿಯಲ್ಲಿದ್ದು ಬಂದರೂ ಅವರ ಹುಬ್ಬಿನಲ್ಲಿ ಅವತ್ತು ಹಿಟ್ಟಿರಲಿಲ್ಲ. ಮಗುವಿನ ಕಿವಿಯ ಹತ್ತಿರ ಬಾಗಿ ಕೈ ಮರೆ ಮಾಡಿಕೊಂಡು ಹೆಸರು ಹೇಳಿದರು. ತೊಟ್ಟಿಲು ಹಿಡಿದು ನಿಂತಿದ್ದ ನನಗೆ ಅದು ಕೇಳಿಸಿತು. ಪಿಸುಮಾತಿನಲ್ಲಿ ತಡೆಯಿರಲಿಲ್ಲ. ಹಾಲು ಸುರಿದಂತೆ ಹರಿದು ಹೋಯಿತು.

ಆಮೇಲೆ ಪುಟ್ಟಮ್ಮ ತನ್ನ ಎಂದಿನ ಗಂಟಲಿನಲ್ಲಿ ಕೇಳಿದಳು. “ಏನಂತ ಇಟ್ಟವ್ವಾ ಎಸ್ರ? ನಮ್ಗೂ ಕೇಳಂಗೆ ಯೋಳು!”

ಅಕ್ಕ ನೆಟ್ಟಗೆ ನಿಂತರು. ತುಟಿಗಳು ಕೂಡಿಕೊಂಡವು. ಔಷಧಿ ಅಂಗಡಿಯಲ್ಲಿ ನೋಡಿದ ಅದೇ ಮುಖ. ಕೆನ್ನೆಯ ಅದೇ ನಡುಕ. ಪ್... ಎಂದು ಬಂತು, ನಿಂತಿತು. ಮತ್ತೆ ಪ್... ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪುಟ್ಟಮ್ಮನಿಗೆ ಹೆಸರು ಗೊತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ ಸಹಾಯಕ್ಕೆಂದು ಬಾಯಿ ತೆರೆದಳು. ತಮ್ಮೇಗೌಡರು ಅವಳ ಕಡೆ ನೋಡಿ ತಲೆ ಅಲ್ಲಾಡಿಸಿದರು. ಅವಳು ಬಾಯಿ ಮುಚ್ಚಿದಳು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಅಷ್ಟು ಜನರ ನಡುವೆ ಮಗುವಿನ ಕಾಲ್ಗೆಜ್ಜೆಯ ಸದ್ದು ಮಾತ್ರ.

ಅಕ್ಕ ಒಮ್ಮೆ ಉಸಿರು ಬಿಟ್ಟರು. ಪೂರ್ತಿ ಬಿಟ್ಟು, ಮತ್ತೆ ತೆಗೆದುಕೊಂಡು, ಮಗುವನ್ನೇ ನೋಡುತ್ತ ಶುರು ಮಾಡಿದರು. “ಪ್... ಪ್ರ... ಪ್ರಭಾ...” ಅಲ್ಲಿ ಸ್ವಲ್ಪ ನಿಂತರು. ಯಾರೂ ಅಲ್ಲಾಡಲಿಲ್ಲ. “...ವತಿ.”

ಅಷ್ಟಕ್ಕೆ ಬಿಡಲಿಲ್ಲ. ಇನ್ನೂ ಎರಡು ಸಲ ಹೇಳಬೇಕು ಎಂಬ ಕ್ರಮವಿತ್ತು, ಹೇಳಿದರು. ಎರಡನೆಯ ಸಲವೂ ಅಷ್ಟೇ ಕಷ್ಟ. ಮೂರನೆಯದು ಮೊದಲಿನದಕ್ಕಿಂತ ಉದ್ದ. ಪವಾಡವೇನೂ ಆಗಲಿಲ್ಲ. ಪ್ರತಿ ಅಕ್ಷರವನ್ನೂ ಬಾವಿಯಿಂದ ನೀರು ಸೇದಿದ ಹಾಗೆ ಸೇದಿ ತಂದರು, ಒಂದು ಹನಿ ಚೆಲ್ಲದೆ.

ನನಗೆ ಆ ಗಳಿಗೆಯಲ್ಲಿ ಬೇರೇನೋ ಅನ್ನಿಸುತ್ತಿತ್ತು. ಅಮ್ಮ ಸತ್ತ ಮೇಲೆ ಮಿರ್ಲೆಯಲ್ಲಿ ಅವಳ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಹೇಳಿದರೂ ‘ದಿವಂಗತ’ ಎಂದು ಸೇರಿಸಿ ಬೇಗ ದಾಟಿಬಿಡುತ್ತಿದ್ದರು. ಅವತ್ತು ಅವಳ ಹೆಸರು ಆ ಶಾಮಿಯಾನದ ಕೆಳಗೆ ಎಷ್ಟು ಹೊತ್ತು ಇತ್ತು! ಅಷ್ಟು ಜನ ಉಸಿರು ಹಿಡಿದುಕೊಂಡು ಆ ಹೆಸರಿಗಾಗಿ ಕಾದರು. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಲೇ ಇದ್ದರು. ಊಟವಾದ ಮೇಲೆ ಅಕ್ಕನ ಹತ್ತಿರ ಹೋಗಿ ಕೈಮುಗಿದು, “ಇಷ್ಟು ನಿಧಾನವಾಗಿ ನಾನೂ ಕರೆದಿರ್ನಿಲ್ಲ ಕಣಮ್ಮ ಅವಳ್ನ. ಯಾವಾಗ್ಲೂ ಅವಸರ್ದಲ್ಲೇ ಕೂಗ್ತಿದ್ದೆ” ಎಂದರು. ಅಕ್ಕ ಅವರಿಗೆ ಎಲೆಯಲ್ಲಿ ಇನ್ನೊಂದು ಒಬ್ಬಟ್ಟು ಕಟ್ಟಿಕೊಟ್ಟರು.

ಅಲ್ಲಿಂದ ಒಂದು ವಿಚಿತ್ರ ನಡೆಯಿತು. ಮನೆಯಲ್ಲಿ, ಬೀದಿಯಲ್ಲಿ, ಮಿರ್ಲೆಯ ಅಪ್ಪನ ಬಾಯಲ್ಲಿ ಕೂಡ ಮಗು ರಾಗಿಯಾಗಿಯೇ ಬೆಳೆಯಿತು. ರಾಗಿ ಎಂದು ಮೊದಲು ಕರೆದ ಅಕ್ಕ ಮಾತ್ರ ಆ ಹೆಸರನ್ನು ಬಿಟ್ಟುಬಿಟ್ಟರು. ಬಂದಾಗಲೆಲ್ಲ ಬಾಗಿಲಲ್ಲೇ ಚೀಲ ಇಳಿಸಿ, ಉಸಿರು ತೆಗೆದುಕೊಂಡು, “ಪ್... ಪ್ರಭಾವತಿ” ಎಂದು ಕರೆಯುತ್ತಿದ್ದರು. ಯಾರನ್ನೂ ಹೆಸರು ಹಿಡಿದು ಕರೆಯದ ಅವರು ಹೆಸರು ಹಿಡಿದು ಕರೆದ ಒಂದೇ ಜೀವ ಅದು. ಆ ಹೆಸರಿಗೆ ಕಾಯುವುದನ್ನು ಮಗುವೂ ಕಲಿಯಿತು. ಎಲ್ಲಿದ್ದರೂ ಓಡಿಬಂದು ಅವರ ಮುಂದೆ ನಿಂತು, ಹೆಸರು ಪೂರ್ತಿಯಾಗುವವರೆಗೆ ಅವರ ಬಾಯಿಯನ್ನೇ ನೋಡುತ್ತಿತ್ತು. ಮುಗಿದ ಮೇಲೆಯೇ “ಏನತ್ತೆ?” ಎನ್ನುತ್ತಿತ್ತು.

ಅವಳನ್ನು ಹುಣಸೂರಿನ ಒಂದು ಶಾಲೆಗೆ ಸೇರಿಸಲು ಹೋದ ದಿನ ಅಲ್ಲಿನ ಮೇಡಂ ಗಲ್ಲ ಹಿಡಿದು ಕೇಳಿದರು, “ನಿನ್ನ ಹೆಸರೇನು ಪುಟ್ಟಿ?”

ಮಗಳು ಉಸಿರು ತೆಗೆದುಕೊಂಡಳು. “ಪ್... ಪ್ರಭಾವತಿ.”

ನಾನು ಅವಳ ಬಾಯನ್ನೇ ನೋಡಿದೆ. ಮೇಡಂ ಪ್ರೀತಿಯಿಂದಲೇ “ಪ್ರಭಾವತೀನಾ? ಎಲ್ಲಿ, ಇನ್ನೊಂದ್ಸಲ ಹೇಳು” ಎಂದರು.

“ಅಲ್ಲ ಮಿಸ್. ಮೊದ್ಲು ಪ್ ಅನ್ಬೇಕು. ಆಮೇಲೆ ಪ್ರಭಾವತಿ.”

ಅವಳಿಗೆ ಮಾತು ತಡೆಯುತ್ತಿರಲಿಲ್ಲ. ಪಟಪಟನೆ ಮಾತಾಡುವ ಮಗು. ಆದರೆ ತನ್ನ ದೊಡ್ಡ ಹೆಸರನ್ನು ಅವಳು ಕೇಳಿದ್ದು ಅತ್ತೆಯ ಬಾಯಲ್ಲಿ ಮಾತ್ರ, ಅದು ಹಾಗೇ ಇರುತ್ತದೆಂದು ನಂಬಿದ್ದಳು. ಈ ಸಂಗತಿಯನ್ನು ಅಕ್ಕನಿಗೆ ಹೇಳಬಾರದೆಂದು ನಾನು ಗಂಡನಿಗೆ ತಾಕೀತು ಮಾಡಿದೆ. ಆದರೆ ಮುಂದಿನ ಸಲ ಅಕ್ಕ ಬಂದಾಗ ಮಗಳೇ ಓಡಿಹೋಗಿ ಹೇಳಿಬಿಟ್ಟಳು, ಮಿಸ್ಸಿಗೆ ತನ್ನ ಹೆಸರು ಸರಿಯಾಗಿ ಹೇಳಲು ಬರುವುದಿಲ್ಲ ಎಂದು.

ಅಕ್ಕ ಮೊದಲು ನಕ್ಕರು. ಗಿರಣಿಯಲ್ಲಿ ಕರೆಂಟು ಹೋದಾಗ ನಕ್ಕಂತೆಯೇ ಜೋರಾಗಿ. ಆಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಕೆನ್ನೆ ಹಿಡಿದರು.

“ಆ ಮೊದ್ಲಿನ್ದು ಇದ್ಯಲ್ಲ, ಅದು ನನ್ದು ಮಗ. ನಿನ್ದಲ್ಲ. ನಿನ್ ಎಸ್ರಲ್ಲಿ ಆ ಸದ್ದು ಒಂದೇ ಸಲ ಇರೋದು. ನಂದು ನಂಗೆ ಬುಟ್ಬುಡು.”

ಅವತ್ತು ಮಧ್ಯಾಹ್ನವೆಲ್ಲ ಇಬ್ಬರೂ ಜಗಲಿಯಲ್ಲಿ ಕೂತು ಹೆಸರು ಹೇಳುವ ಆಟ ಆಡಿದರು. ಅಕ್ಕ ತಡೆದು ಹೇಳುವುದು, ಮಗಳು ಬಿಡಿಸಿ ಹೇಳುವುದು. ಸಂಜೆಯ ಹೊತ್ತಿಗೆ ಮಗಳ ಬಾಯಲ್ಲಿ ಹೆಸರು ತಿಳಿಯಾಯಿತು. ಕಲಿಸಿದವರ ಬಾಯಲ್ಲಿ ಹೇಗಿತ್ತೋ ಹಾಗೇ ಉಳಿಯಿತು. ಅವರ ಮುಖದಲ್ಲಿ ಅಷ್ಟೊಂದು ನೆಮ್ಮದಿಯನ್ನು ನಾನು ಬೇರೆ ಯಾವತ್ತೂ ನೋಡಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವಾಗ ಅಕ್ಕ ತೀರಿಕೊಂಡರು. ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯಲು ಹೋದವರು ಎದೆ ನೋವೆಂದು ಅಲ್ಲೇ ಕೂತರಂತೆ. ಎಚ್.ಡಿ. ಕೋಟೆಯ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಊರಿನ ಹುಡುಗರು ರಸ್ತೆಯ ಬದಿಯಲ್ಲಿ ಫ್ಲೆಕ್ಸ್ ಕಟ್ಟಿಸಿದರು, ದೊಡ್ಡ ಫೋಟೊ, ಕೆಳಗೆ ಶ್ರೀಮತಿ ಪದ್ಮಾವತಿ ಎಂದು. ತಿಥಿಗೆ ಹೋಗಿದ್ದಾಗ ಒಬ್ಬ ಮುದುಕಿ ಅದರ ಮುಂದೆ ನಿಂತು ಯಾರಿಂದಲೋ ಓದಿಸಿಕೊಂಡು ಜಗಳ ತೆಗೆದಿದ್ದಳು. “ಪೋಟ ನಮ್ಮಕ್ಕನ್ದು ಕಣ್ರಪ್ಪ. ಎಸ್ರು ಇನ್ಯಾರ್ದೋ ಆಕವ್ರೆ. ಬಿಚ್ಚಿ, ಸರಿಯಾಗಿ ಬರ್ಸಿ.” ತಮ್ಮೇಗೌಡರು ಅವಳ ಕೈ ಹಿಡಿದು ನಿಧಾನವಾಗಿ ಒಳಗೆ ಕರೆದುಕೊಂಡು ಹೋದರು.

ನಾನು ಅಕ್ಕನನ್ನು ಕೊನೆಯ ಸಲ ನೋಡಿದ್ದು ಅವರು ತೀರಿಕೊಳ್ಳುವುದಕ್ಕೆ ಸ್ವಲ್ಪ ದಿನ ಮೊದಲು. ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಕಾಲ, ಮನೆಯಲ್ಲಿ ಎಲ್ಲರಿಗೂ ಕೈತುಂಬ ಕೆಲಸ. ಅಕ್ಕ ಎರಡು ದಿನ ಇದ್ದು ಸೊಪ್ಪನ್ನು ಕೋಲುಗಳಿಗೆ ಕಟ್ಟಿಕೊಟ್ಟು ಹೊರಟಿದ್ದರು. ನಾನು ಕೆಲಸಕ್ಕೆ ಹೊತ್ತಾಯಿತೆಂದು ಮಗಳನ್ನು ಮುಂದೆ ಕೂರಿಸಿಕೊಂಡು ಅವಸರದಲ್ಲಿ ಜಡೆ ಹಾಕುತ್ತಿದ್ದೆ. ಅವಳು ಕಣ್ಣು ಕಿರಿದು ಮಾಡಿಕೊಂಡು ಸುಮ್ಮನೆ ಕೂತಿದ್ದಳು. ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳ ದಾಟಿದವರು ಏನೋ ನೆನಪಾದಂತೆ ಹಿಂತಿರುಗಿ ಬಂದರು. ನನ್ನ ಕೈ ಮೇಲೆ ಕೈ ಇಟ್ಟರು.

“ಅಷ್ಟು ಬಿಗೀಬ್ಯಾಡ ಮಿರ್ಲೆ. ನೋಯ್ತದೆ ಅಂತ ಅವ್ಳು ಯೋಳಲ್ಲ.”

ಅಷ್ಟು ಹೇಳಿ ಹೊರಟುಹೋದರು.

ಈಗ ನಾನು ಮಗಳಿಗೆ ಜಡೆ ಸಡಿಲವಾಗಿಯೇ ಹಾಕುತ್ತೇನೆ. ಶಾಲೆ ಮುಟ್ಟುವಷ್ಟರಲ್ಲಿ ರಿಬ್ಬನ್ ಜಾರಿ ಅರ್ಧ ಕೂದಲು ಬಿಚ್ಚಿಹೋಗಿರುತ್ತದೆ. ಮಗುವಿನ ತಲೆ ಸರಿಯಾಗಿ ಬಾಚಿ ಕಳಿಸಿ ಎಂದು ಮೇಡಂ ಆಗಾಗ ಹೇಳುತ್ತಾರೆ. ನಾನು ಆಯಿತು ಮೇಡಂ ಎನ್ನುತ್ತೇನೆ.